ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು: ರಾಯಚೂರು, ಮಾನ್ವಿ, ದೇವದುರ್ಗದ ಲೆಕ್ಕ

ರಾಯಚೂರು ಜಿಲ್ಲೆಗೆ ವಿದ್ಯುತ್ತು ಹೊಸ ವಸ್ತುವೇನಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಕಾರ್ಯಾರಂಭ ಮಾಡಿ, ಕ್ರಮೇಣ ಎಂಟು ಘಟಕಗಳಾಗಿ ಬೆಳೆದು 1,720 ಮೆಗಾವ್ಯಾಟ್ ಸಾಮರ್ಥ್ಯವನ್ನು ತಲುಪಿತು. ಆನಂತರ ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಎರಡು ಘಟಕಗಳು ಬಂದವು. ನಾಡಿಗೆ ಬೆಳಕು ನೀಡುವ ಈ ಜಿಲ್ಲೆಯಲ್ಲಿ ವಿದ್ಯುತ್ ಕಾರನ್ನು ಕೊಂಡವನು ಮಾತ್ರ, ಹೊರಡುವ ಮುನ್ನ ‘ದಾರಿಯಲ್ಲಿ ಚಾರ್ಜರ್ ಇದೆಯೇ, ಇದ್ದರೆ ಅದು ಇಂದು ಕೆಲಸ ಮಾಡುತ್ತಿದೆಯೇ’ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗಿದೆ. ಮೊದಲನೆಯ ಪ್ರಶ್ನೆಗೆ ಸರ್ಕಾರಗಳು ಸಾಕಷ್ಟು ಗಮನ ಕೊಟ್ಟಿವೆ. ಎರಡನೆಯದು ಲೆಕ್ಕಪತ್ರಕ್ಕೆ ಸಂಬಂಧಿಸಿದ ಪ್ರಶ್ನೆ. ಆದುದರಿಂದ ಅದನ್ನು ಈ ಪುಟಗಳಲ್ಲಿ ಪರಿಶೀಲಿಸುವುದು ಉಚಿತವೆನಿಸುತ್ತದೆ. ತಮ್ಮ ಗಿರಣಿ, ವಸತಿಗೃಹ ಅಥವಾ ಪೆಟ್ರೋಲ್ ಬಂಕಿನ ಆವರಣದಲ್ಲಿ ಇಂಥ ಕೇಂದ್ರವನ್ನು ತೆರೆಯುವ ಆಲೋಚನೆಯಲ್ಲಿರುವ ಸದಸ್ಯರಿಗೂ ಇದು ಉಪಯೋಗಕ್ಕೆ ಬರಬಹುದು.

ನಿಯಮಗಳು ಹೇಳುವುದೇನು?

ವಿದ್ಯುಚ್ಚಾಲಿತ ವಾಹನಗಳಿಗೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿಯೇ ಮೊದಲು ರೂಪಿಸಿದ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಮರುವರ್ಷ, ಅಂದರೆ 2018ರ ಏಪ್ರಿಲ್‌ನಲ್ಲಿ, ಕೇಂದ್ರ ಇಂಧನ ಸಚಿವಾಲಯವು ವಾಹನದ ಬ್ಯಾಟರಿಗೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದಕ್ಕೆ 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಪರವಾನಗಿ ಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ಈ ಒಂದು ಸ್ಪಷ್ಟೀಕರಣದಿಂದಲೇ ಸಾಮಾನ್ಯ ವರ್ತಕನಿಗೆ ಈ ವ್ಯವಹಾರದ ಬಾಗಿಲು ತೆರೆದದ್ದು. 2022ರ ಮಾರ್ಗಸೂಚಿಯು ನಗರಗಳಲ್ಲಿ ಮೂರು ಕಿ.ಮೀ. ಉದ್ದ, ಮೂರು ಕಿ.ಮೀ. ಅಗಲದ ಪ್ರತಿ ಚೌಕಕ್ಕೆ ಒಂದು ಕೇಂದ್ರ ಮತ್ತು ಹೆದ್ದಾರಿಯ ಎರಡೂ ಬದಿಗೆ ಪ್ರತಿ 25 ಕಿ.ಮೀ.ಗೆ ಒಂದು ಕೇಂದ್ರವಿರಬೇಕೆಂದಿತು. 2024ರ ಸೆಪ್ಟೆಂಬರ್‌ನ ಮಾರ್ಗಸೂಚಿ ಈ ಅಂತರಗಳನ್ನು ಇನ್ನೂ ತಗ್ಗಿಸಿತು.

ಕಾಗದದ ಮೇಲಿನ ಈ ಚೌಕಗಳು ತುಂಬಿದ್ದು ಎಲ್ಲಿ? 2024ರ ಕೊನೆಗೆ ರಾಜ್ಯದ ಸಾರ್ವಜನಿಕ ಕೇಂದ್ರಗಳ ಸಂಖ್ಯೆ ಐದು ಸಾವಿರವನ್ನು ಮೀರಿ, ಕರ್ನಾಟಕ ದೇಶದಲ್ಲಿ ಪ್ರಥಮ ಸ್ಥಾನದಲ್ಲಿತ್ತು. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದವು. ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿದ ದೇವದುರ್ಗಕ್ಕೆ ಇಂಥ ಸರಾಸರಿಗಳಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೇ.

ಇನ್ನು ಸಂಖ್ಯೆಯಲ್ಲಿ ಸೇರಿದ ಯಂತ್ರಗಳೆಲ್ಲವೂ ಉಪಯೋಗಕ್ಕೆ ಬರುತ್ತವೆಂದೂ ಇಲ್ಲ. ಆರಂಭದ ವರ್ಷಗಳಲ್ಲಿ ದೇಶದ ಹಲವೆಡೆ ಸ್ಥಾಪಿಸಿದ ‘ಭಾರತ್ ಡಿಸಿ-001’ ಮಾದರಿಯ 15 ಕಿಲೋವ್ಯಾಟ್ ಯಂತ್ರಗಳು ಅಂದಿನ ಕಡಿಮೆ ವೋಲ್ಟೇಜಿನ ಕಾರುಗಳಿಗಾಗಿ ರೂಪುಗೊಂಡವು. ಈಗ ರಸ್ತೆಯಲ್ಲಿರುವ ಬಹುತೇಕ ಕಾರುಗಳಿಗೆ ಬೇಕಾದುದು ‘ಸಿಸಿಎಸ್-2’ ಮಾದರಿಯ ಜೋಡಣೆ. ಬೀಗ ಒಂದು, ಕೀಲಿ ಇನ್ನೊಂದು ಎಂಬಂತಾಗಿದೆ.

ಯಾರಿಗೆ ಬೇಕು ಈ ಕೇಂದ್ರ?

ರಾಯಚೂರಿನಿಂದ ಮಾನ್ವಿ, ದೇವದುರ್ಗಗಳೆರಡೂ 50ರಿಂದ 60 ಕಿ.ಮೀ. ಅಂತರದಲ್ಲಿವೆ. ಹೋಗಿ ಬರುವ ಹಾದಿ ಸುಮಾರು 120 ಕಿ.ಮೀ. ಆದರೂ ಈಗಿನ ಕಾರುಗಳಿಗೆ ಅದು ಹೊರೆಯಲ್ಲ. ಸ್ವಂತ ಮನೆ, ಸ್ವಂತ ಅಂಗಳ ಇರುವವರು 15 ಆಂಪಿಯರ್ ಸಾಕೆಟ್ಟಿನಿಂದಲೇ ಗಂಟೆಗೆ ಸುಮಾರು ಮೂರು ಯೂನಿಟ್ ತುಂಬಿಸಿಕೊಳ್ಳಬಹುದು. ರಾತ್ರಿಯ ಹತ್ತು ಗಂಟೆಗಳಲ್ಲಿ 30 ಯೂನಿಟ್ ಆಗುತ್ತದೆ. ಅಂಥವರಿಗೆ ಸಾರ್ವಜನಿಕ ಕೇಂದ್ರ ವರ್ಷದಲ್ಲಿ ಕೆಲವು ದಿನ ಬೇಕಾಗಬಹುದು, ಅಷ್ಟೆ.

ನಿಜವಾಗಿ ಬೇಕಾಗಿರುವುದು ಮೂರು ವರ್ಗದವರಿಗೆ. ಹಳೆಯ ಪೇಟೆಯ ಓಣಿಗಳಲ್ಲಿ, ಬಾಡಿಗೆ ಮನೆಗಳಲ್ಲಿ, ಕಾರನ್ನು ಬೀದಿಯಲ್ಲಿಯೇ ನಿಲ್ಲಿಸುವವರು. ದಿನವೂ ಓಡಿಸಿ ದುಡಿಯುವ ಟ್ಯಾಕ್ಸಿಯವರು. ಹಾಗೂ ದೂರದ ಪ್ರಯಾಣಿಕರು. ಮಾನ್ವಿಯಿಂದ ಹೈದರಾಬಾದಿನ ಆಸ್ಪತ್ರೆಗೆ ಹೊರಟ ಕುಟುಂಬಕ್ಕೆ ರಾಯಚೂರಿನ ಯಂತ್ರ ಕೈಕೊಟ್ಟರೆ ಆಗುವ ತೊಂದರೆಯನ್ನು ಊಹಿಸಬಹುದು. ಪೆಟ್ರೋಲ್ ಬಂಕೊಂದರಲ್ಲಿ ‘ಸ್ಟಾಕ್ ಇಲ್ಲ’ ಎಂಬ ಫಲಕ ಕಂಡರೆ ಎದುರಿನ ಬಂಕಿಗೆ ಹೋಗುತ್ತೇವೆ. ಚಾರ್ಜರ್ ವಿಷಯದಲ್ಲಿ ಆ ‘ಎದುರಿನ ಬಂಕು’ 50 ಕಿ.ಮೀ. ಆಚೆಗೆ ಇರಬಹುದು.

ಕೆಟ್ಟ ಯಂತ್ರ ಏಕೆ ಕೆಟ್ಟೇ ಉಳಿಯುತ್ತದೆ?

ವೇಗದ ಚಾರ್ಜರ್ ಎಂಬುದು ನಾಜೂಕಿನ ವಸ್ತು. ಅದಕ್ಕೆ ಮೂರು ಫೇಸ್ ವಿದ್ಯುತ್ ಬೇಕು. ಒಂದು ಫೇಸ್ ಹೋದರೂ, ವೋಲ್ಟೇಜ್ ಮಿತಿ ಮೀರಿದರೂ, ಅರ್ಥಿಂಗ್ ಸರಿಯಿಲ್ಲದಿದ್ದರೂ ಸುರಕ್ಷತೆಗಾಗಿ ತಾನೇ ನಿಂತುಬಿಡುತ್ತದೆ. ಒಳಗಿನ ಸಿಮ್ ಕಾರ್ಡಿಗೆ ಸಿಗ್ನಲ್ ಸಿಗದಿದ್ದರೆ, ಯಂತ್ರ ಸರಿಯಿದ್ದರೂ ಹಣ ಪಾವತಿ ಆಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟಿದಾಗ ಯಂತ್ರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹತ್ತಿಯ ಧೂಳು ಫಿಲ್ಟರುಗಳಲ್ಲಿ ತುಂಬಿದರಂತೂ ಇನ್ನೂ ಬೇಗ. ಯಾರೋ ಒತ್ತಿ ಹೋದ ಕೆಂಪು ಗುಂಡಿಯನ್ನು ತಿರುಗಿಸಿ ಬಿಡುವವರಿಲ್ಲದೆ ನಿಂತ ಯಂತ್ರಗಳೂ ಇವೆ. ಇವುಗಳಲ್ಲಿ ಅನೇಕವು ಐದು ನಿಮಿಷದ ದುರಸ್ತಿಗಳು. ಆದರೆ ಆ ಐದು ನಿಮಿಷಕ್ಕೆ ಒಬ್ಬ ಮನುಷ್ಯ ಬೇಕು.

ಇಲ್ಲಿಂದ ಲೆಕ್ಕ ಆರಂಭವಾಗುತ್ತದೆ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಸದಸ್ಯರು ತಮ್ಮ ಕೊಟೇಷನ್‌ಗಳಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು. 60 ಕಿಲೋವ್ಯಾಟಿನ ಯಂತ್ರಕ್ಕೆ 9 ಲಕ್ಷ, ಟ್ರಾನ್ಸ್‌ಫಾರ್ಮರ್, ಕೇಬಲ್ ಮೊದಲಾದವುಗಳಿಗೆ 6 ಲಕ್ಷ, ಒಟ್ಟು 15 ಲಕ್ಷ ರೂಪಾಯಿ ಹೂಡಿಕೆ ಎಂದುಕೊಳ್ಳೋಣ. ಶೇ. 10ರ ಬಡ್ಡಿ ತಿಂಗಳಿಗೆ 12,500 ರೂ.; ಹತ್ತು ವರ್ಷದ ಸವಕಳಿ ಇನ್ನೊಂದು 12,500 ರೂ. ನಿಶ್ಚಿತ ಶುಲ್ಕ, ಇಂಟರ್‌ನೆಟ್, ವಿಮೆ, ನಿರ್ವಹಣಾ ಒಪ್ಪಂದಕ್ಕೆ 10,000 ರೂ. ಒಟ್ಟು 35,000 ರೂ. ವಿದ್ಯುತ್ತಿನ ಬೆಲೆ, ಜಿಎಸ್‌ಟಿ, ಆ್ಯಪ್ ಕಂಪನಿಯ ಪಾಲು ಎಲ್ಲ ಕಳೆದು ಯೂನಿಟ್ಟಿಗೆ 8 ರೂ. ಉಳಿಯುವುದಾದರೆ, ನಷ್ಟವಿಲ್ಲದೆ ನಿಲ್ಲಲು ತಿಂಗಳಿಗೆ 4,375 ಯೂನಿಟ್ ಮಾರಾಟವಾಗಬೇಕು. ಕಾರೊಂದಕ್ಕೆ 24 ಯೂನಿಟ್ಟಿನಂತೆ ದಿನಕ್ಕೆ ಆರು ಕಾರುಗಳು, ತಿಂಗಳ ಮೂವತ್ತು ದಿನವೂ.

ರಾಯಚೂರು ನಗರದಲ್ಲಿ, ಅದರಲ್ಲೂ ಹೈದರಾಬಾದಿನಿಂದ ಲಿಂಗಸುಗೂರಿನತ್ತ ಸಾಗುವ ಹಾಗೂ ಮಂತ್ರಾಲಯಕ್ಕೆ ತಿರುಗುವ ವಾಹನಗಳು ಹಾಯುವ ಸ್ಥಳದಲ್ಲಿ, ಆರು ಕಾರುಗಳು ಅಸಾಧ್ಯವಲ್ಲ. ಮಾನ್ವಿಯೂ ಸಿಂಧನೂರು, ಗಂಗಾವತಿಗಳ ಕಡೆಗೆ ಸಾಗುವ ದಾರಿಯ ಮೇಲಿದೆ, ಕಾಲಕ್ರಮದಲ್ಲಿ ಸಾಧ್ಯ. ಕಲ್ಮಲಾದಿಂದ ಗಬ್ಬೂರು ಮಾರ್ಗವಾಗಿ ತಿಂಥಣಿ ಸೇತುವೆಯತ್ತ ಸಾಗುವ ದಾರಿಯಲ್ಲಿರುವ ದೇವದುರ್ಗಕ್ಕೆ ಸದ್ಯಕ್ಕೆ ದಿನಕ್ಕೊಂದು ಕಾರೆಂದೇ ಲೆಕ್ಕ ಹಿಡಿಯುವುದು ವಿವೇಕ. ದಿನಕ್ಕೊಂದು ಕಾರಿನಿಂದ ಉಳಿಯುವುದು 192 ರೂ. ಯಂತ್ರ ಕೆಟ್ಟಾಗ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ತಂತ್ರಜ್ಞ ಬಂದು ಹೋಗಲು 8,000 ರೂ. ಖರ್ಚಾದರೆ, ಅದು ಹೆಚ್ಚುಕಡಿಮೆ ಒಂದೂವರೆ ತಿಂಗಳ ಗಳಿಕೆ. ದುರಸ್ತಿಯನ್ನು ಮುಂದೂಡುವುದೇ ಮಾಲೀಕನಿಗೆ ಲಾಭದಾಯಕ. ಇದನ್ನು ನಿರ್ಲಕ್ಷ್ಯವೆಂದು ದೂಷಿಸುವುದು ಸುಲಭ. ಆದರೆ ಖಾತೆ ಪುಸ್ತಕ ಹೇಳುವುದು ಅದನ್ನೇ. ಎರಡು ಸಲ ಬಂದು ಬರಿಗೈಯಲ್ಲಿ ಮರಳಿದ ಕಾರಿನವನು ಮೂರನೆಯ ಸಲ ಬರುವುದಿಲ್ಲ. ದಿನದ ಒಂದು ಕಾರೂ ಇಲ್ಲವಾಗುತ್ತದೆ.

ಸಹಾಯಧನದ ವ್ಯಾಪ್ತಿ

ಕೇಂದ್ರದ ‘ಪಿಎಂ ಇ-ಡ್ರೈವ್’ ಯೋಜನೆಯ 10,900 ಕೋಟಿ ರೂಪಾಯಿಗಳಲ್ಲಿ 2,000 ಕೋಟಿ ರೂಪಾಯಿಗಳನ್ನು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗಾಗಿ ತೆಗೆದಿರಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಮಾರ್ಗಸೂಚಿಯ ಪ್ರಕಾರ ರೈಲು ನಿಲ್ದಾಣ, ಬಸ್ ನಿಲ್ದಾಣ, ತೈಲ ಕಂಪನಿಗಳ ಬಂಕುಗಳಂಥ ಸ್ಥಳಗಳಲ್ಲಿ ವಿದ್ಯುತ್ ಮೂಲಸೌಕರ್ಯದ ವೆಚ್ಚದ ಶೇ. 80 ಮತ್ತು ಯಂತ್ರದ ವೆಚ್ಚದ ಶೇ. 70ರವರೆಗೆ ನೆರವು ದೊರೆಯುತ್ತದೆ. ಮಾರುಕಟ್ಟೆ ಸಂಕೀರ್ಣದಂಥ ಇತರ ಸ್ಥಳಗಳಲ್ಲಿ ಮೂಲಸೌಕರ್ಯದ ಶೇ. 80 ಮಾತ್ರ. ಪ್ರಸ್ತಾವಗಳು ಸಾಗುವುದು ನೋಡಲ್ ಸಂಸ್ಥೆಯ ಮೂಲಕ. ಕರ್ನಾಟಕದಲ್ಲಿ ಚಾರ್ಜಿಂಗ್ ಸೌಕರ್ಯಕ್ಕೆ ನೋಡಲ್ ಸಂಸ್ಥೆ ಬೆಸ್ಕಾಂ. ನಮಗೆ ವಿದ್ಯುತ್ ಕೊಡುವುದು ಗೆಸ್ಕಾಂ ಎಂಬುದು ಬೇರೆ ಮಾತು.

ಮೇಲಿನ ಉದಾಹರಣೆಗೆ ಇದನ್ನು ಅನ್ವಯಿಸಿದರೆ, ಬಂಕಿನಲ್ಲಿರುವ ಕೇಂದ್ರಕ್ಕೆ 11.10 ಲಕ್ಷ ರೂ. ನೆರವು ಸಿಕ್ಕಿ, ಸ್ವಂತ ಹೂಡಿಕೆ 3.90 ಲಕ್ಷಕ್ಕೆ ಇಳಿಯುತ್ತದೆ. ದಿನಕ್ಕೆ ಮೂರು ಕಾರು ಸಾಕು. ಗಂಜ್‌ನ ಅಂಗಡಿ ಸಾಲಿನಲ್ಲಾದರೆ ಸುಮಾರು ಐದು ಬೇಕು. ಇಡೀ 15 ಲಕ್ಷವನ್ನು ಸರ್ಕಾರವೇ ಕೊಟ್ಟರೂ ಪ್ರತಿ ತಿಂಗಳ 10,000 ರೂ. ಖರ್ಚಿಗಾಗಿ ದಿನಕ್ಕೆ ಎರಡು ಕಾರುಗಳಾದರೂ ಬರಬೇಕು. ಪುಕ್ಕಟೆ ಬಂದ ಯಂತ್ರವೂ ದೇವದುರ್ಗದಲ್ಲಿ ನಷ್ಟದಲ್ಲಿಯೇ ನಡೆಯುತ್ತದೆಂದರೆ, ಕೊರತೆ ಇರುವುದು ಬಂಡವಾಳದಲ್ಲಲ್ಲ, ನಿರ್ವಹಣೆಯಲ್ಲಿ.

ಹೊರದೇಶಗಳು ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಲು ನೋಡಿವೆ. ಅಮೆರಿಕವು 2023ರಲ್ಲಿ, ಒಕ್ಕೂಟ ಸರ್ಕಾರದ ಹಣ ಪಡೆದ ಚಾರ್ಜರ್‌ಗಳು ವರ್ಷದಲ್ಲಿ ಶೇ. 97ಕ್ಕಿಂತ ಹೆಚ್ಚು ಕಾಲ ಸುಸ್ಥಿತಿಯಲ್ಲಿರಬೇಕೆಂಬ ನಿಯಮ ಮಾಡಿತು. ಅಂದರೆ ಕೆಟ್ಟು ನಿಲ್ಲಲು ವರ್ಷಕ್ಕೆ ಸುಮಾರು 11 ದಿನದ ಅವಕಾಶ. ಬ್ರಿಟನ್ನಿನ 2023ರ ನಿಯಮಾವಳಿ ವೇಗದ ಚಾರ್ಜರ್‌ಗಳ ಜಾಲಕ್ಕೆ ಶೇ. 99ರ ಮಟ್ಟವನ್ನು ವಿಧಿಸಿತು. ಅಲ್ಲಿ ಅವಕಾಶ ನಾಲ್ಕು ದಿನಕ್ಕಿಂತ ಕಡಿಮೆ. ನಮ್ಮಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಂಥ ಸಂಸ್ಥೆ ಮುಂದೆ ಬಂದು, ತಾಲ್ಲೂಕು ಕೇಂದ್ರಗಳ ಯಂತ್ರಗಳಿಗೆ ಅವು ದುಡಿದ ದಿನಗಳ ಲೆಕ್ಕದಲ್ಲಿ ತಿಂಗಳ ನೆರವು ಕೊಟ್ಟರೆ, ದುರಸ್ತಿಯನ್ನು ಮುಂದೂಡುವ ಲಾಭವೇ ಇಲ್ಲವಾಗುತ್ತದೆ. ನಮ್ಮ ಸಂಸ್ಥೆಯು ಮಂಡಳಿಗೆ ಮನವಿ ಸಲ್ಲಿಸಬಹುದಾದ ವಿಷಯವಿದು.

ಸದಸ್ಯರಿಗೆ ಕೆಲವು ವ್ಯಾವಹಾರಿಕ ಮಾತುಗಳು

ಸ್ಥಳದ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಫೀಡರ್. ಹೊಲದಂಚಿನ ರಸ್ತೆಬದಿಯ ನಿವೇಶನ ಅಗ್ಗವಾಗಿ ಸಿಗಬಹುದು. ಆದರೆ ಪಂಪ್‌ಸೆಟ್ ಫೀಡರ್‌ಗಳಲ್ಲಿ ಮೂರು ಫೇಸ್ ಪೂರೈಕೆ ದಿನಕ್ಕೆ ಏಳು ಗಂಟೆಯ ಲೆಕ್ಕದ್ದು. ಅಲ್ಲಿ ವೇಗದ ಚಾರ್ಜರ್ ಉಳಿದ ಹದಿನೇಳು ಗಂಟೆ ಅಲಂಕಾರಕ್ಕೆ ನಿಂತಿರುತ್ತದೆ.

ಜಿನ್ನಿಂಗ್ ಮತ್ತು ಅಕ್ಕಿ ಗಿರಣಿಗಳ ಮಾಲೀಕರಿಗೆ ಒಂದು ಅನುಕೂಲವಿದೆ. ಟ್ರಾನ್ಸ್‌ಫಾರ್ಮರ್, ಮೂರು ಫೇಸ್ ಸಂಪರ್ಕ, ರಾತ್ರಿ ಕಾವಲುಗಾರ ಎಲ್ಲವೂ ಈಗಾಗಲೇ ಇವೆ. ಹತ್ತಿಯ ಹಂಗಾಮು ಮುಗಿದ ಮೇಲೆ ಯಂತ್ರಗಳು ಮಲಗಿದ್ದರೂ ಕರಾರು ಬೇಡಿಕೆಯ ನಿಶ್ಚಿತ ಶುಲ್ಕ ತಪ್ಪುವುದಿಲ್ಲ. ಈ ನಿಷ್ಕ್ರಿಯ ಸಾಮರ್ಥ್ಯವನ್ನು ಬಳಸಿಕೊಂಡರೆ ಮೇಲೆ ಹೇಳಿದ 6 ಲಕ್ಷದ ದೊಡ್ಡ ಭಾಗ ಉಳಿಯುತ್ತದೆ. ಆದರೆ ಅದೇ ಸಂಪರ್ಕದಿಂದ ಕೊಡಬಹುದೇ, ಪ್ರತ್ಯೇಕ ಮೀಟರ್ ಬೇಕೇ, ಯಾವ ದರ ಅನ್ವಯ ಎಂಬುದನ್ನು ಗೆಸ್ಕಾಂನಿಂದ ಲಿಖಿತವಾಗಿ ಪಡೆಯದೆ ಕೈಹಾಕಬಾರದು. ಹೊಸ ಸಂಪರ್ಕವೇ ಬೇಕಾದಲ್ಲಿ, ಜಾಲದ ವಿಸ್ತರಣೆ ಅಗತ್ಯವಿಲ್ಲದಿದ್ದರೆ, 2024ರಲ್ಲಿ ತಿದ್ದುಪಡಿಯಾದ ಗ್ರಾಹಕ ಹಕ್ಕುಗಳ ನಿಯಮಗಳಂತೆ ಪುರಸಭಾ ಪ್ರದೇಶದಲ್ಲಿ 7 ದಿನ, ಗ್ರಾಮೀಣ ಪ್ರದೇಶದಲ್ಲಿ 15 ದಿನಗಳ ಗಡುವಿದೆ.

ತೆರಿಗೆಯ ವಿಷಯ. ಚಾರ್ಜರ್ ಯಂತ್ರದ ಮೇಲಿನ ಜಿಎಸ್‌ಟಿ 2019ರ ಆಗಸ್ಟ್ 1ರಿಂದ ಶೇ. 18ರಿಂದ 5ಕ್ಕೆ ಇಳಿಯಿತು. ಚಾರ್ಜ್ ಮಾಡಿಕೊಡುವ ಕೆಲಸ ಮಾತ್ರ ಶೇ. 18ರ ಸೇವೆಯೆಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು 2023ರ ಜುಲೈನಲ್ಲಿ, ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯಲ್ಲಿ ಹೇಳಿತು. ವಿದ್ಯುತ್ತಿಗೆ ತೆರಿಗೆಯಿಲ್ಲ, ಆದ್ದರಿಂದ ಅದರ ಮೇಲೆ ಹೂಡುವಳಿ ತೆರಿಗೆಯ ಜಮೆಯೂ ಇಲ್ಲ. ಗ್ರಾಹಕನಿಂದ ಪಡೆಯುವ ಮೊತ್ತಕ್ಕೆ ಮಾತ್ರ ಪೂರ್ಣ ತೆರಿಗೆ. ಇಂಥ ತೀರ್ಪು ಅರ್ಜಿದಾರರನ್ನು ಮತ್ತು ಅವರ ತೆರಿಗೆ ಅಧಿಕಾರಿಯನ್ನು ಮಾತ್ರ ಬಂಧಿಸುತ್ತದೆಯಾದರೂ, ದರಪಟ್ಟಿ ತಯಾರಿಸುವಾಗ ಶೇ. 18ನ್ನು ಲೆಕ್ಕಕ್ಕೆ ಹಿಡಿಯುವುದೇ ಕ್ಷೇಮ.

ಆ್ಯಪ್ ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳುವಾಗ, ದೂರು ದಾಖಲಾದ ಎಷ್ಟು ಗಂಟೆಯೊಳಗೆ ತಂತ್ರಜ್ಞ ರಾಯಚೂರಿಗೆ ಬರಬೇಕು, ಬಾರದಿದ್ದರೆ ದಿನಕ್ಕೆ ಎಷ್ಟು ಕಡಿತ, ಬಿಡಿಭಾಗಗಳ ದಾಸ್ತಾನು ಎಲ್ಲಿ ಎಂಬ ಮೂರು ಕಲಮುಗಳನ್ನು ಬರೆಸಿಕೊಳ್ಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಲಾಭದ ಪಾಲಿನ ಕಲಮನ್ನೇ ಓದಿ ಸಹಿ ಹಾಕುತ್ತೇವೆ. ಆವರಣದ ಒಬ್ಬ ಎಲೆಕ್ಟ್ರಿಷಿಯನ್‌ಗೆ ಯಂತ್ರವನ್ನು ಮರುಚಾಲನೆ ಮಾಡುವ, ಫಿಲ್ಟರ್ ತೊಳೆಯುವ ತರಬೇತಿ ಕೊಡಿಸಿದರೆ ಆ 8,000 ರೂಪಾಯಿಯ ಪ್ರವಾಸಗಳಲ್ಲಿ ಹಲವು ತಪ್ಪುತ್ತವೆ.

ದೇವದುರ್ಗದ ಮಟ್ಟಿಗೆ ಹೇಳುವುದಾದರೆ, 60 ಕಿಲೋವ್ಯಾಟಿನ ಯಂತ್ರಕ್ಕೆ ಕಾಯುವುದೇ ಬೇಡ. 7.4 ಕಿಲೋವ್ಯಾಟಿನ ಎ.ಸಿ. ಚಾರ್ಜರ್ ಒಂದೇ ಫೇಸಿನ ಮೇಲೆ ನಡೆಯುತ್ತದೆ. ಬೆಲೆ ಅತ್ಯಲ್ಪ, ಕೆಡುವ ಭಾಗಗಳೂ ಕಡಿಮೆ. ಹೊಸ ಕಾರುಗಳು ಅದರಿಂದ ಗಂಟೆಗೆ ಸುಮಾರು 7 ಯೂನಿಟ್ ಪಡೆಯುತ್ತವೆ. ತಾಲ್ಲೂಕು ಕಚೇರಿಗೋ ಮಾರುಕಟ್ಟೆಗೋ ಬಂದವರು ಎರಡು ಗಂಟೆ ನಿಂತರೆ 14 ಯೂನಿಟ್. ಅದು 80 ಕಿ.ಮೀ.ಗೂ ಹೆಚ್ಚಿನ ದಾರಿಗೆ, ಅಂದರೆ ರಾಯಚೂರಿಗೆ ಮರಳಲು ಸಾಕು. ವಸತಿಗೃಹವೊಂದರ ಅಂಗಳದಲ್ಲಿ, ಸಾಧ್ಯವಾದರೆ ಬೇರೆ ಬೇರೆ ಫೇಸುಗಳ ಮೇಲೆ, ಇಂಥ ಎರಡು ಚಾರ್ಜರ್‌ಗಳನ್ನು ಅಳವಡಿಸಿದರೆ, ಒಂದು ಕೆಟ್ಟ ದಿನವೂ ಇನ್ನೊಂದು ಇರುತ್ತದೆ.