ಮಳೆಯ ನೆರಳಿನಿಂದ ಹೆಬ್ಬೆಯ ಮಡಿಲಿಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ರಜೆ ಬಂದರೆ ಅರಿಜೋನಾ, ನೆವಾಡಾ ಕಡೆಯ ಮರುಭೂಮಿಗೆ ಕಾರಿನಲ್ಲಿ ಹೊರಡುವುದುಂಟು. ದಾರಿಯಲ್ಲಿ ಡೇರೆ ಹಾಕಿ ಮಲಗುವುದು, ನಕ್ಷತ್ರ ನೋಡುವುದು ಮಕ್ಕಳಿಗೆ ದೊಡ್ಡ ಹಬ್ಬ. ಅಲ್ಲಿನ ‘ಡೆತ್ ವ್ಯಾಲಿ’ಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 5 ಸೆಂಟಿಮೀಟರ್ ಮಾತ್ರ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳನ್ನು ಸಿಯೆರಾ ನೆವಾಡಾ ಪರ್ವತಸಾಲು ತಡೆಯುವುದು ಇದಕ್ಕೆ ಮುಖ್ಯ ಕಾರಣ. ಮಕ್ಕಳೇ, ಇದೇ ಪಾಠವನ್ನು ಕಣ್ಣಾರೆ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಡೂರಿನಿಂದ ಹೊರಟು ಹೆಬ್ಬೆ ಜಲಪಾತ ಮುಟ್ಟಿದರೆ ಸಾಕು. ಎರಡು ದಿನ ಬಿಡುವು ಮಾಡಿಕೊಂಡು, ಅಜ್ಜ-ಅಜ್ಜಿಯನ್ನೂ ಕರೆದುಕೊಂಡು ಹೊರಡಿ.

ಕಡೂರು ಬಯಲುಸೀಮೆಯ ಊರು. ರಾಗಿ ಹೊಲ, ತೆಂಗಿನ ತೋಟ, ಮಳೆ ಕೈಕೊಟ್ಟರೆ ಒಣಗುವ ಕೆರೆ. ಪಶ್ಚಿಮಕ್ಕೆ ಕತ್ತೆತ್ತಿ ನೋಡಿದರೆ ಬಾಬಾಬುಡನ್ ಗಿರಿಸಾಲು ನೀಲಿಯಾಗಿ ಕಾಣುತ್ತದೆ. ಆ ಬೆಟ್ಟದ ನೀರನ್ನು ಹಿಡಿದಿಡಲೆಂದೇ ಹಿರಿಯರು ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನೂ, ಬೆಟ್ಟದ ಬುಡದಲ್ಲಿ ಮದಗದ ಕೆರೆಯನ್ನೂ ಕಟ್ಟಿದರು. ಮದಗದ ಕೆರೆಗೆ ಬಂದ ಮಳೆಯ ಜನಪದ ಹಾಡು ತಮ್ಮ ಕೆರೆಯದೇ ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಅಜ್ಜಿಗೆ ಆ ಹಾಡು ಬರುತ್ತಿದ್ದರೆ ದಾರಿಯಲ್ಲಿ ಹಾಡಿಸಿ. ಮಳೆ ಬಂದದ್ದನ್ನು ಹಬ್ಬದಂತೆ ಹಾಡಿದ್ದೇಕೆ ಎಂಬುದು ಈ ಬಯಲು ನೋಡಿದರೆ ತಿಳಿಯುತ್ತದೆ.

ಬೀರೂರು ದಾಟಿ ಅಜ್ಜಂಪುರಕ್ಕೆ ಬಂದರೆ ಕಪ್ಪು ಮಣ್ಣು, ಈರುಳ್ಳಿ ಹೊಲ. ಇಲ್ಲಿ ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಕಡಿಮೆ ಮೇವು ತಿಂದು ದಂಡಿನ ಸಾಮಾನನ್ನು ವೇಗವಾಗಿ ಎಳೆಯುತ್ತಿದ್ದ ಎತ್ತುಗಳಿವು. ಅಲ್ಲಿಂದ ತರೀಕೆರೆ ಕಡೆಗೆ ಹೊರಳಿದರೆ ಅಮೃತಾಪುರ. 1196ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತ ಕಟ್ಟಿಸಿದ ಅಮೃತೇಶ್ವರ ದೇವಾಲಯದಲ್ಲಿ ರಾಮಾಯಣ, ಮಹಾಭಾರತದ ಕಥೆಗಳನ್ನು ಕಲ್ಲಿನಲ್ಲೇ ಕಡೆದಿದ್ದಾರೆ. ಕಥೆ ಗುರುತಿಸುವ ಪಂದ್ಯ ಇಟ್ಟರೆ ಗೆಲ್ಲುವವರು ಅಜ್ಜ-ಅಜ್ಜಿಯೇ!

ತರೀಕೆರೆ, ಲಿಂಗದಹಳ್ಳಿ ದಾಟಿದ ಮೇಲೆ ರಸ್ತೆ ಏರತೊಡಗುತ್ತದೆ. ಕಲ್ಲತ್ತಿಗಿರಿಯಲ್ಲಿ ವೀರಭದ್ರ ದೇವಾಲಯದ ಪಕ್ಕದಲ್ಲೇ ನೀರು ಧುಮುಕುತ್ತದೆ. ಕಲ್ಲು ಜಾರುತ್ತದೆ, ಚಿಕ್ಕವರ ಕೈ ಬಿಡಬೇಡಿ. ಮುಂದೆ ಹಾವಿನಂತೆ ಸುತ್ತುವ ದಾರಿ ಹಿಡಿದರೆ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿ. ಹೆಸರೇ ಹೇಳುವಂತೆ ಇದು ಕೆಂಪು ಮಣ್ಣಿನ ಗುಂಡಿ. ಇಲ್ಲಿನ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯಲು ಬರುತ್ತಿದ್ದ ತಾಣವೂ ಇದೇ. ಈಗ ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳಿವೆ.

ರಾತ್ರಿ ತಂಗಲು ಇಂಥ ಸೂರೇ ಸರಿ. ಅಮೆರಿಕದ ಮರುಭೂಮಿಯಲ್ಲಿ ಡೇರೆ ಹಾಕಲು ಗುರುತಿಸಿದ ಜಾಗಗಳಿರುತ್ತವೆ. ಇಲ್ಲಿ ಸುತ್ತಲಿರುವುದು ಭದ್ರಾ ಅಭಯಾರಣ್ಯ. 1998ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಆನೆ, ಕಾಟಿ, ಹುಲಿಗಳ ಮನೆಯೊಳಗೆ ಡೇರೆ ಹಾಕುವುದು ಸಾಹಸವಲ್ಲ, ತಪ್ಪು. ಕಾಡು ಬಿಟ್ಟುಕೊಟ್ಟು, ಇಲ್ಲಿನ ಹಲವು ಹಳ್ಳಿಗಳವರು ತಲೆಮಾರುಗಳ ಮನೆ ತೊರೆದು ಹೊರಗೆ ಬಂದು ನೆಲೆಸಿದ್ದಾರೆ. ಒಂದು ರಾತ್ರಿಯ ಅತಿಥಿಗಳಾದ ನಾವು ಅಷ್ಟು ಮರ್ಯಾದೆ ತೋರಿಸಬೇಡವೇ?

ಬೆಳಿಗ್ಗೆ ಹೆಬ್ಬೆಗೆ ಹೊರಡಿ. ಸ್ವಂತ ಕಾರು ಹೋಗದ ದಾರಿ, ಜೀಪೇ ಗತಿ. ಮಳೆಗಾಲದಲ್ಲಿ ಬಿಡುತ್ತಾರೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಜೀಪು ನಿಂತ ಮೇಲೂ ಹಳ್ಳ ದಾಟಿ ನಡೆಯಬೇಕು. ಮಂಡಿನೋವಿನ ಅಜ್ಜ-ಅಜ್ಜಿ ಕೆಮ್ಮಣ್ಣುಗುಂಡಿಯ ಹೂದೋಟದಲ್ಲೇ ಕೂತರೂ ನಷ್ಟವಿಲ್ಲ. ಮಳೆಗಾಲವಾದರೆ ಇಂಬಳಗಳು ಕಾಲಿಗೆ ಹತ್ತುತ್ತವೆ. ಒಂದು ಚಿಟಿಕೆ ಉಪ್ಪು ಜೇಬಿನಲ್ಲಿರಲಿ. ಎದುರಿಗೆ 168 ಮೀಟರ್ ಎತ್ತರದಿಂದ, ಅಂದರೆ ಐವತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರದಿಂದ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ನೀರು ಇಳಿಯುತ್ತದೆ.

ನಿನ್ನೆ ನೋಡಿದ್ದು ಒಣ ಬಯಲು, ಇಂದು ಈ ನೀರು. ಏಕೆ? ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಬೆಟ್ಟ ಏರುವಾಗ ತಣ್ಣಗಾಗುತ್ತದೆ, ಅದರ ಆವಿ ಮಳೆಯಾಗುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವ ಈ ಸಾಲು ದಾಟಿ ಆಚೆ ಇಳಿಯುವಾಗ ಗಾಳಿಯಲ್ಲಿ ತೇವ ಕಡಿಮೆ; ಇಳಿಯುತ್ತ ಬೆಚ್ಚಗಾಗುವುದರಿಂದ ಮೋಡ ಕರಗುತ್ತದೆ. ಆ ಕಡೆಗೆ ‘ಮಳೆಯ ನೆರಳು’ ಎಂದು ಹೆಸರು. ಕಡೂರು ಕೂತಿರುವುದು ಆ ನೆರಳಿನಲ್ಲಿ.

ಹೆಬ್ಬೆಯ ನೀರು ಭದ್ರೆಯನ್ನು ಸೇರುತ್ತದೆ. ಬೆಟ್ಟದ ಪೂರ್ವಕ್ಕೆ ಇಳಿದ ನೀರು ವೇದಾ, ಅವತಿ ಹಳ್ಳಗಳಾಗಿ ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ! ಒಂದೇ ಬೆಟ್ಟದ ಎರಡು ಮಗ್ಗುಲಿನ ಅದೃಷ್ಟದಲ್ಲಿ ಅಷ್ಟು ಅಂತರ.

ಮೋಡ ಮಾಡದ ಕೆಲಸವನ್ನು ಈಗ ಮನುಷ್ಯರು ಮಾಡುತ್ತಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಪಂಪುಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಹಾಯಿಸಿ, ಬಯಲಿನ ಕಡೆ ಹರಿಸಲಾಗುತ್ತಿದೆ. ನೀವು ನೆನ್ನೆ ದಾಟಿ ಬಂದ ಊರೇ ಅದು. ಹೆಬ್ಬೆಯಲ್ಲಿ ನಿಮ್ಮ ಪಾದ ತೊಳೆದ ನೀರಿನ ಒಂದು ಹನಿ ಆ ಸುರಂಗ ದಾಟಿ ಯಾವುದೋ ಹೊಲ ತಲುಪಬಹುದು. ಅದಕ್ಕೇ ಹಳ್ಳಕ್ಕೆ ಸೋಪು, ಶಾಂಪೂ ಹಾಕಬೇಡಿ, ಖಾಲಿ ಬಾಟಲಿ ಬಿಸಾಡಬೇಡಿ. ಆ ನೀರಿಗೆ ಕಾಯುವವರು ಕೆಳಗಿದ್ದಾರೆ.