ಕಂಪನಿ ನಿರ್ದೇಶಕರ ಮನೆ ವಿಳಾಸ ಯಾರಿಗೆ ಬೇಕು?

ಹೊಸ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು ನೋಂದಣಿಯಾದರೆ ಸಾಕು, ಅದರ ನಿರ್ದೇಶಕರಿಗೆ ಕರೆ, ಇಮೇಲ್, ಪತ್ರಗಳ ಕಾಟ ಶುರುವಾಗುತ್ತದೆ. ಕರೆಂಟ್ ಅಕೌಂಟ್ ತೆರೆಯಿರಿ ಎಂದು ಒಬ್ಬರು, ಜಿಎಸ್‌ಟಿ ಮಾಡಿಸಿಕೊಡುತ್ತೇವೆ ಎಂದು ಇನ್ನೊಬ್ಬರು, ಟ್ರೇಡ್‌ಮಾರ್ಕ್ ಬೇಡವೇ ಎಂದು ಮತ್ತೊಬ್ಬರು. ಮಾಹಿತಿ ಯಾರೋ ಕದ್ದು ಕೊಟ್ಟಿರಬೇಕು ಎಂಬ ಅನುಮಾನ ಸಹಜ. ಆದರೆ ಇಲ್ಲಿ ಕಳ್ಳತನದ ಅಗತ್ಯವೇ ಇಲ್ಲ. 2013ರ ಕಂಪನಿ ಕಾಯ್ದೆಯ 399ನೇ ಸೆಕ್ಷನ್ ಪ್ರಕಾರ ಕಂಪನಿಗಳ ರಿಜಿಸ್ಟ್ರಾರ್ ಬಳಿಯಿರುವ ದಾಖಲೆಗಳನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು. ಶುಲ್ಕ ಬರೀ 100 ರೂಪಾಯಿ. ನಿರ್ದೇಶಕರಾಗಲು ಒಪ್ಪಿಗೆ ಸೂಚಿಸಿ ಆ ದಾಖಲೆಗಳಿಗೆ ಸೇರುವ ಡಿಐಆರ್-2 ಎಂಬ ನಮೂನೆಯಲ್ಲಿ ತಂದೆಯ ಹೆಸರು, ವಾಸದ ವಿಳಾಸ, ಇಮೇಲ್, ಮೊಬೈಲ್ ಸಂಖ್ಯೆ ಎಲ್ಲವನ್ನೂ ಬರೆಯಬೇಕು.

ಈ ಬಹಿರಂಗದ ಹಿಂದೆ ನ್ಯಾಯವಾದ ಕಾರಣವೊಂದಿದೆ. ಕಂಪನಿ ಮುಳುಗಿದರೆ ಷೇರುದಾರರು ಹಾಕಿದ ಬಂಡವಾಳವಷ್ಟೇ ಹೋಗುತ್ತದೆ. ಸಾಲ ಕೊಟ್ಟವರು ಅವರ ಮನೆ ಮಠಕ್ಕೆ ಕೈ ಹಾಕುವಂತಿಲ್ಲ. ಇಂಥ ಸೀಮಿತ ಹೊಣೆಯ ಸವಲತ್ತು ಕೊಟ್ಟ ಸಮಾಜ, ಕಂಪನಿ ನಡೆಸುವವರು ಯಾರು, ನೋಟಿಸ್ ಎಲ್ಲಿಗೆ ಕಳಿಸಬೇಕು ಎಂದು ಕೇಳುವುದು ತಪ್ಪಲ್ಲ. ಆದರೆ ಈ ಏರ್ಪಾಡು ರೂಪುಗೊಂಡದ್ದು ಕಾಗದದ ಕಾಲದಲ್ಲಿ. ಆಗ ವಿಳಾಸ ಬೇಕಾದವರು ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕಡತ ತೆಗೆಸಬೇಕಿತ್ತು. ಸಕಾರಣವಿಲ್ಲದವರು ಆ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. 2006ರಲ್ಲಿ ಕೇಂದ್ರ ಸರ್ಕಾರದ ಎಂಸಿಎ-21 ಎಂಬ ಯೋಜನೆ ಬಂದು ಕಡತಗಳು ಆನ್‌ಲೈನ್ ಆದವು. 2013ರ ಕಾಯ್ದೆಯಲ್ಲೂ ಆ ಹಕ್ಕು ಹಾಗೇ ಉಳಿಯಿತು, ಅದರ ಪರಿಣಾಮ ಬೇರೆಯಾಯಿತು. ಒಂದು ಕಡತ ನೋಡಲಿಕ್ಕೆ ಕೊಟ್ಟ ಹಕ್ಕು, ಸಾವಿರಾರು ಜನರ ಪಟ್ಟಿ ಮಾಡಿ ಮಾರಲಿಕ್ಕೆ ದಾರಿಯಾಯಿತು.

ಹೊಣೆಗಾರಿಕೆಗೆ ನಿಜವಾಗಿ ಬೇಕಾದದ್ದು ನಿರ್ದೇಶಕ ಕೈಗೆ ಸಿಗುವುದು. ಆತ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದು ಊರಿಗೆಲ್ಲ ತಿಳಿಯುವುದಲ್ಲ. ಬ್ರಿಟನ್ ಈ ಎರಡನ್ನು ಬೇರ್ಪಡಿಸಿದೆ. 2009ರ ಅಕ್ಟೋಬರ್ 1ರಿಂದ ಅಲ್ಲಿನ ನಿರ್ದೇಶಕರು ಸಾರ್ವಜನಿಕ ದಾಖಲೆಗೆ ಸಂಪರ್ಕದ ವಿಳಾಸವೊಂದನ್ನು ಕೊಟ್ಟರೆ ಸಾಕು. ಮನೆ ವಿಳಾಸವನ್ನೂ ಸಲ್ಲಿಸಬೇಕು, ಆದರೆ ಅದು ಸರ್ಕಾರದ ಗುಪ್ತ ದಾಖಲೆಯಲ್ಲಿದ್ದು, ನಿಗದಿತ ಸರ್ಕಾರಿ ಸಂಸ್ಥೆಗಳಿಗೆ ಮತ್ತು ಸಾಲದ ಇತಿಹಾಸ ಪರಿಶೀಲಿಸುವ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಸಂಪರ್ಕದ ವಿಳಾಸಕ್ಕೆ ಕಳಿಸಿದ ಕಾಗದಪತ್ರ ನಿರ್ದೇಶಕರಿಗೆ ಮುಟ್ಟದಿದ್ದರೆ ಮನೆ ವಿಳಾಸವನ್ನೇ ಬಹಿರಂಗಗೊಳಿಸುವ ಅಧಿಕಾರವೂ ಅಲ್ಲಿನ ರಿಜಿಸ್ಟ್ರಾರ್‌ಗೆ ಇದೆ. ಅಂದರೆ ಖಾಸಗಿತನ ಸಿಗುವುದು ಹೊಣೆಯಿಂದ ತಪ್ಪಿಸಿಕೊಳ್ಳದವರಿಗೆ ಮಾತ್ರ.

ವಿಳಾಸ ಮುಚ್ಚಿಟ್ಟರೆ ವಂಚಕರಿಗೆ ಹಬ್ಬವಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವ್ಯವಹಾರವೇ ಇಲ್ಲದ ನಾಮಮಾತ್ರ ಕಂಪನಿಗಳ ವಿರುದ್ಧ 2017ರಲ್ಲಿ ಕಾರ್ಯಾಚರಣೆ ನಡೆದಾಗ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ದಾಖಲೆಯಿಂದ ತೆಗೆದುಹಾಕಲಾಯಿತು. ಆದರೆ ಇದೇ ಸಂಗತಿಯನ್ನು ತಿರುಗಿಸಿ ನೋಡಿ: ವಿಳಾಸಗಳು ಬಹಿರಂಗವಾಗಿದ್ದಾಗಲೇ ಅಷ್ಟೊಂದು ಕಂಪನಿಗಳು ಬೆಳೆದಿದ್ದವು. ವಂಚಕ ಬರೆಯುವುದು ಸುಳ್ಳು ವಿಳಾಸ. ಬಯಲಾಗುವುದು ಪ್ರಾಮಾಣಿಕನ ಮನೆ. ಒಬ್ಬನೇ ವ್ಯಕ್ತಿ ಎಷ್ಟು ಕಂಪನಿಗಳಲ್ಲಿದ್ದಾನೆ ಎಂದು ಪತ್ರಕರ್ತರೂ ಸಾಲ ಕೊಟ್ಟವರೂ ಪತ್ತೆ ಹಚ್ಚುವುದು ಡಿಐಎನ್ ಎಂಬ ನಿರ್ದೇಶಕರ ಗುರುತಿನ ಸಂಖ್ಯೆಯಿಂದ. ಹೆಸರು, ಆ ಸಂಖ್ಯೆ, ಲೆಕ್ಕಪತ್ರ ಇವೆಲ್ಲ ತೆರೆದೇ ಇರಲಿ. ಮನೆ ವಿಳಾಸವನ್ನು ಪರಿಶೀಲಿಸಿ ಇಟ್ಟುಕೊಳ್ಳುವ ಕೆಲಸ ಸರ್ಕಾರದ್ದು.

ಬೇಡದ ಪತ್ರವನ್ನು ಹರಿದು ಬಿಸಾಡಿದರಾಯಿತು, ಇಷ್ಟಕ್ಕೆ ಕಾನೂನೇಕೆ ಎನ್ನುವವರೂ ಇದ್ದಾರೆ. ಆದರೆ ಜಾಹೀರಾತು ಬರುವ ದಾರಿಯಲ್ಲೇ ಮೋಸವೂ ಬರುತ್ತದೆ. ಟ್ರೇಡ್‌ಮಾರ್ಕ್ ನೋಂದಾಯಿಸಿದವರಿಗೆ ಸರ್ಕಾರಿ ನೋಟಿಸಿನಂತೆ ಕಾಣುವ ನಕಲಿ ಬಿಲ್‌ಗಳು ಬರುತ್ತವೆ ಎಂದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೇ ಎಚ್ಚರಿಸಿದೆ. ನೋಂದಣಿಯ ವಿವರ ನಿಖರವಾಗಿರುವುದರಿಂದಲೇ ಅಂಥ ಬಿಲ್ ನಂಬುವಂತಿರುತ್ತದೆ. ದೊಡ್ಡ ಕಂಪನಿಯಲ್ಲಾದರೆ ಅದನ್ನು ಶೋಧಿಸಲು ಸಿಬ್ಬಂದಿ ಇರುತ್ತಾರೆ. ಮನೆಯ ಕೋಣೆಯಲ್ಲೇ ಏಕವ್ಯಕ್ತಿ ಕಂಪನಿ ನಡೆಸುವ ಮಹಿಳೆಗೆ ಆ ಅನುಕೂಲವಿಲ್ಲ. ನೋಂದಾಯಿತ ಕಚೇರಿಯ ವಿಳಾಸವೂ ಅವಳ ಮನೆಯದೇ. ಅವಳ ಪಾಲಿಗೆ ಇದು ಕಿರಿಕಿರಿಯ ಮಾತಲ್ಲ, ಸುರಕ್ಷತೆಯ ಮಾತು.

ಸದ್ಯದ ಕಾನೂನು ಇವಳ ನೆರವಿಗೆ ಬರುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ, ಬೇಡದ ಪ್ರಚಾರ ತಡೆಯುವ ಡಿಎನ್‌ಡಿ ವ್ಯವಸ್ಥೆಯ ವ್ಯಾಪ್ತಿ ಕರೆ ಮತ್ತು ಎಸ್‌ಎಂಎಸ್‌ಗೆ ಸೀಮಿತ. ಅಂಚೆ, ಇಮೇಲ್ ಅದರ ಹೊರಗೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿ ತಾನೇ ಬಹಿರಂಗಪಡಿಸಿದ ಮಾಹಿತಿಯನ್ನೂ ಕಾನೂನಿನ ಕಟ್ಟಳೆಯಂತೆ ಬಹಿರಂಗಗೊಂಡ ಮಾಹಿತಿಯನ್ನೂ ತನ್ನ ವ್ಯಾಪ್ತಿಯಿಂದ ಕೈಬಿಟ್ಟಿದೆ. ಕಾನೂನೇ ಕಡ್ಡಾಯ ಮಾಡಿ ಪಡೆದ ವಿವರಕ್ಕೆ ಕಾನೂನಿನದೇ ರಕ್ಷಣೆ ಇಲ್ಲ ಎಂಬುದು ವಿಚಿತ್ರ. ಸಂಪರ್ಕದ ವಿಳಾಸಕ್ಕೆ ಅವಕಾಶ ಕೊಡುವುದು, ಮನೆ ವಿಳಾಸ ಕೇಳಿದವರು ಯಾರು, ಯಾಕೆ ಎಂಬುದನ್ನು ದಾಖಲಿಸುವುದು, ನೋಂದಣಿಯ ಮಾಹಿತಿಯನ್ನು ಮಾರಾಟದ ಪ್ರಚಾರಕ್ಕೆ ಬಳಸದಂತೆ ನಿರ್ಬಂಧಿಸುವುದು: ಈ ಮೂರನ್ನು ಮಾಡಲು ಕಂಪನಿ ಕಾಯ್ದೆಯ ಪಾರದರ್ಶಕತೆಯಲ್ಲಿ ಕೂದಲೆಳೆಯಷ್ಟೂ ಕಡಿಮೆ ಮಾಡಬೇಕಿಲ್ಲ.