ಐದು ಮಿಲಿಮೀಟರ್ ಕಡಿಮೆ

2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಸೈರ್‌ನ ಉದ್ದ 4160 ಮಿಲಿಮೀಟರ್. 2012ರಲ್ಲಿ ಹೊಸ ಡಿಸೈರ್ ಬಂದಾಗ ಅಳೆದರೆ 3995. ಹಿಂದಿನ ಡಿಕ್ಕಿ ಮುಕ್ಕಾಲು ಗೇಣು ಮೋಟಾಗಿತ್ತು. ನೋಡಿದವರೆಲ್ಲ ಬಾಲ ಕತ್ತರಿಸಿದ ಹಾಗಿದೆ ಎಂದು ನಕ್ಕರು, ನಕ್ಕವರೇ ಸಾಲುಗಟ್ಟಿ ಕೊಂಡರು.

ಆ ಕತ್ತರಿ ದೆಹಲಿಯ ಬಜೆಟ್ಟಿನದು. 2006ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾರುಗಳ ಎಕ್ಸೈಸ್ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಸಣ್ಣ ಕಾರೆಂದರೆ ಯಾವುದು ಎಂದೂ ಆಗಲೇ ಗೆರೆ ಎಳೆಯಿತು: ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ದಾಟಬಾರದು. ಇಂದು ಯಾವ ಶೋರೂಮಿಗೆ ಹೋಗಿ ವಿವರದ ಹಾಳೆ ಕೇಳಿದರೂ 3995, 3990, 1197, 1199 ಎಂಬ ಅಂಕಿಗಳು ಕಣ್ಣಿಗೆ ಬೀಳುವುದು ಇದೇ ಕಾರಣಕ್ಕೆ. ಜಿಎಸ್‌ಟಿ ಬಂದರೂ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ ಶೇ 18, ಆಚೆಗಿನದಕ್ಕೆ ಶೇ 40. ಬಣ್ಣ, ಮಾಡೆಲ್ಲು ಎಂದು ಮನೆಯವರೆಲ್ಲ ಕೂತು ಚರ್ಚಿಸುವ ಹೊತ್ತಿಗೆ, ಕಾರಿನ ಮೈಕಟ್ಟು ಎಷ್ಟಿರಬೇಕೆಂಬುದನ್ನು ಬೇರೆಯವರು ನಿರ್ಧರಿಸಿ ಆಗಿರುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ಗೆರೆಯಿದೆ. ನಮ್ಮ ಜೀವಿತಾವಧಿ ರಸ್ತೆ ತೆರಿಗೆ ದೇಶದ ದುಬಾರಿ ತೆರಿಗೆಗಳಲ್ಲಿ ಒಂದು. 5ರಿಂದ 10 ಲಕ್ಷದ ಕಾರಿಗೆ ಶೇ 14, ಹತ್ತು ಲಕ್ಷ ದಾಟಿದರೆ ಶೇ 17, ಅದರ ಮೇಲೆ ಸೆಸ್ಸು ಬೇರೆ. 9.9 ಲಕ್ಷದ ಕಾರು ನೋಡಲು ಹೋಗಿ, ಸನ್‌ರೂಫ್ ಆಸೆಗೆ 10.1 ಲಕ್ಷದ್ದಕ್ಕೆ ಕೈಹಾಕಿದರೆ ಬೆಲೆಯ ವ್ಯತ್ಯಾಸ ಇಪ್ಪತ್ತು ಸಾವಿರ, ತೆರಿಗೆಯ ವ್ಯತ್ಯಾಸ ಮೂವತ್ತು ಸಾವಿರಕ್ಕೂ ಹೆಚ್ಚು. ಬೆಂಗಳೂರಿನ ಬಿಸಿಲಿಗೂ ಧೂಳಿಗೂ ಆ ಸನ್‌ರೂಫ್ ವರ್ಷಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಕೇಳಬೇಡಿ. ಮಕ್ಕಳಿರುವ ಮನೆಯಲ್ಲಿ ಈ ವಾದ ಗೆದ್ದವರನ್ನು ನಾನು ಕಂಡಿಲ್ಲ.

'ಎಷ್ಟು ಕೊಡುತ್ತೆ?' ಎಂಬುದು ನಮ್ಮವರ ಮೊದಲ ಪ್ರಶ್ನೆ. ಜಾಹೀರಾತಿನಲ್ಲಿ ಕಾಣುವ 'ಎಆರ್‌ಎಐ ಮೈಲೇಜ್' ರಸ್ತೆಯ ಮೇಲೆ ಹುಟ್ಟಿದ್ದಲ್ಲ. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರು ನಿಲ್ಲಿಸಿ, ನಿಗದಿತ ಕ್ರಮದಲ್ಲಿ ಇಪ್ಪತ್ತು ನಿಮಿಷದೊಳಗೆ ಓಡಿಸಿ ಅಳೆಯುತ್ತಾರೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಸರಾಸರಿ ಮೂವತ್ತರ ಆಸುಪಾಸು. ಎಸಿ ಬಂದ್. ಬೆಂಗಳೂರಿನ ಸಂಗತಿ ಬೇರೆ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ನಗರದ ನಡುವೆ ಹತ್ತು ಕಿಲೋಮೀಟರ್ ಸಾಗಲು 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಅದೂ ವರ್ಷದ ಸರಾಸರಿ. ಮಳೆ ಬಂದ ಶುಕ್ರವಾರ ಸಂಜೆ ಸಿಲ್ಕ್ ಬೋರ್ಡ್‌ನಲ್ಲಿ ನಿಂತವರ ಲೆಕ್ಕ ಬೇರೆಯೇ. ನಿಂತ ಕಾರಿನ ಎಂಜಿನ್ ಚಾಲೂ ಇದ್ದರೆ ಅದರ ಮೈಲೇಜು ಸೊನ್ನೆ.

ಆದರೂ ಈ ಮೈಲೇಜಿನ ಹಿಂದೆ ಎಷ್ಟು ಓಡಬೇಕು? ದಿನಕ್ಕೆ 30 ಕಿ.ಮೀ., ತಿಂಗಳಿಗೆ 25 ದಿನ, ವರ್ಷಕ್ಕೆ 9000 ಕಿ.ಮೀ. ಲೀಟರಿಗೆ 15 ಕೊಡುವ ಕಾರಿಗೆ 600 ಲೀಟರ್, 20 ಕೊಡುವುದಕ್ಕೆ 450 ಲೀಟರ್. ಪೆಟ್ರೋಲನ್ನು ನೂರು ರೂಪಾಯಿ ಎಂದಿಟ್ಟುಕೊಂಡರೆ ಉಳಿತಾಯ ವರ್ಷಕ್ಕೆ ಹದಿನೈದು ಸಾವಿರ. ಹೆಚ್ಚು ಮೈಲೇಜಿನ ಕಾರಿಗಾಗಿ ಮೊದಲೇ ಒಂದು ಲಕ್ಷ ಹೆಚ್ಚು ತೆತ್ತವರು ಆ ದುಡ್ಡು ಮರಳಿ ಕಾಣಲು ಆರು ವರ್ಷಕ್ಕೂ ಮೇಲೆ ಕಾಯಬೇಕು. ಸಿಎನ್‌ಜಿ ಕಾರಿನ ಸಂದಿಗ್ಧ ಇದೇ. ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಓಡುವವರಿಗೆ ಬೇಗ ಗಿಟ್ಟುತ್ತದೆ. ಉಳಿದವರು ಬಂಕಿನ ಸಾಲಿನಲ್ಲಿ ಕಳೆಯುವ ಹೊತ್ತನ್ನೂ ಖರ್ಚಿನ ಬಾಬ್ತಿಗೆ ಸೇರಿಸಿಕೊಳ್ಳಲಿ.

ಪೆಟ್ರೋಲೂ ಮೊದಲಿನದಲ್ಲ. ಈಗ ಬಂಕಿನಲ್ಲಿ ಬೀಳುವುದರಲ್ಲಿ ಶೇ 20ರಷ್ಟು ಎಥನಾಲ್. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜು ಒಂದಿಷ್ಟು ಕುಗ್ಗುವುದು ಸಹಜ. ಹಳೆಯ ಕಾರು ಕೊಳ್ಳುವವರು 2023ರ ಏಪ್ರಿಲ್‌ಗಿಂತ ಮುಂಚಿನದಾದರೆ ಇಂಧನದ ಪೈಪು, ರಬ್ಬರ್ ಸೀಲುಗಳನ್ನು ಒಮ್ಮೆ ನೋಡಿಸುವುದು ಲೇಸು.

ಡೀಸೆಲ್ ವಿಷಯ ಎರಡೇ ಮಾತಿನದು. 2020ರ ಬಿಎಸ್‌-6 ನಿಯಮದ ನಂತರ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂದಿದೆ. ಅದು ಚೆನ್ನಾಗಿ ಕಾದರೆ ಮಾತ್ರ ಮಸಿ ಸುಟ್ಟು ಹೋಗುತ್ತದೆ. ಮನೆಯಿಂದ ಆಫೀಸಿಗೆ ಆರು ಕಿಲೋಮೀಟರ್ ತೆವಳುವವರಿಗೆ ಡೀಸೆಲ್ ಬೇಡ.

ಗೇರಿನ ಮಾತು ಸ್ವಲ್ಪ ಉದ್ದವಾಗಬೇಕು, ಏಕೆಂದರೆ ಎಡಗಾಲಿನ ಮಂಡಿ ಹಿಡಿದುಕೊಂಡವರೆಲ್ಲ ಈಗ ಕೇಳುವುದು 'ಆಟೊಮ್ಯಾಟಿಕ್'. ಅಗ್ಗದ ಕಾರುಗಳಲ್ಲಿ ಸಿಗುವುದು ಬಹುಪಾಲು ಎಎಂಟಿ. ನಮ್ಮಲ್ಲಿ ಇದನ್ನು ಮೊದಲು ತಂದದ್ದು 2014ರ ಸೆಲೆರಿಯೊ. ಒಳಗಿರುವುದು ಅದೇ ಹಳೆಯ ಗೇರ್‌ಬಾಕ್ಸು, ಅದೇ ಕ್ಲಚ್ ಪ್ಲೇಟು. ತುಳಿಯುವ ಕಾಲು, ಗೇರ್ ಎಳೆಯುವ ಕೈ ಮಾತ್ರ ಯಂತ್ರದ್ದು. ಫ್ಲೈಓವರಿನ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಂಡರೆ ಪ್ಲೇಟು ಸವೆಯುತ್ತಲೇ ಇರುತ್ತದೆ. ನಮ್ಮ ಬೀದಿಯ ಮೆಕ್ಯಾನಿಕ್‌ನದು ಒಂದೇ ದೂರು: 'ಆಟೊಮ್ಯಾಟಿಕ್ ಅಂತ ತಗೋತಾರೆ ಸಾರ್, ಓಡಿಸೋದು ಹಾಫ್ ಕ್ಲಚ್ಚಲ್ಲೇ.' ಮಂಗಳೂರಿನ ಬಿಜೈ, ಕದ್ರಿಯ ಏರಿಳಿತಗಳಲ್ಲಿ ದಿನವೂ ಓಡಾಡುವವರು ಎಎಂಟಿಯನ್ನು ಏರಿನಲ್ಲಿ ನಿಲ್ಲಿಸಿ ಎತ್ತಿ ನೋಡದೆ ಮುಂಗಡ ಕೊಡಬಾರದು. ಮೈಸೂರಿನ ರಿಂಗ್ ರಸ್ತೆಯಲ್ಲಿ ಹಾಯಾಗಿ ಹೋಗುವವರಿಗೆ ಸಾದಾ ಗೇರೇ ಸಾಕು, ಖರ್ಚೂ ಕಡಿಮೆ.

ನಂಬಿಕೆಯ ಕಾರು ಯಾವುದೆಂದು ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ಜಾಗ ಟ್ಯಾಕ್ಸಿ ಸ್ಟ್ಯಾಂಡು. ಬಿಡದಿಯಲ್ಲಿ ತಯಾರಾಗುತ್ತಿದ್ದ ಎಟಿಯೋಸ್ 2010ರಲ್ಲಿ ಬಂದಾಗ ಒಳಗಿನ ಅಂದಚಂದಕ್ಕೆ ಮೆಚ್ಚುಗೆ ಸಿಗಲಿಲ್ಲ. 2020ರಲ್ಲಿ ತಯಾರಿಕೆ ನಿಂತಿತು. ಆದರೂ ವಿಮಾನ ನಿಲ್ದಾಣದ ದಾರಿಯಲ್ಲಿ ಅವು ಇನ್ನೂ ಕಾಣಸಿಗುತ್ತವೆ. ಕಾರು ಗ್ಯಾರೇಜಿನಲ್ಲಿ ನಿಂತ ದಿನ ಅನ್ನ ನಿಂತಂತೆ ಎಂದು ಬದುಕುವ ಚಾಲಕರು ಒಂದು ಗಾಡಿಯನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದಾರೆ ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿಲ್ಲ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬಿಡಿಭಾಗ ಅಂದೇ ಸಿಗುತ್ತದೆಯೇ ಎಂಬುದನ್ನೂ ಅವರೇ ಹೇಳುತ್ತಾರೆ.

ಆದರೆ ಬಾಳಿಕೆಯೂ ಭದ್ರತೆಯೂ ಒಂದೇ ಅಲ್ಲ. ರಸ್ತೆ ತುಂಬ ಕಾಣುವ ವ್ಯಾಗನ್ ಆರ್‌ಗೆ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಪಘಾತ ಪರೀಕ್ಷಾ ಸಂಸ್ಥೆ ದೊಡ್ಡವರ ರಕ್ಷಣೆಯಲ್ಲಿ ಒಂದೇ ನಕ್ಷತ್ರ ಕೊಟ್ಟಿತು. ಬಾಲ ಕತ್ತರಿಸಿಕೊಂಡ ಡಿಸೈರ್‌ನ ಹೊಸ ಅವತಾರ 2024ರಲ್ಲಿ ಐದು ಪಡೆಯಿತು. ನಾಲ್ಕು ಮೀಟರಿನೊಳಗೂ ಗಟ್ಟಿ ಕಾರು ಕಟ್ಟಬಹುದು ಎಂದಾಯಿತು.

ಇನ್ನು ವಿದ್ಯುತ್ ಕಾರು. 2001ರಲ್ಲಿ ಬೊಮ್ಮಸಂದ್ರದಿಂದ ಹೊರಬಂದ ರೇವಾವನ್ನು ಕಂಡು ಊರೇ ಆಟಿಕೆ ಎಂದಿತ್ತು. ಟ್ರಾಫಿಕ್ಕಿನಲ್ಲಿ ನಿಂತಾಗ ಎಸಿ, ದೀಪಗಳಿಗಷ್ಟೇ ವಿದ್ಯುತ್ ಬಳಸುವ, ಬ್ರೇಕ್ ಒತ್ತಿದಾಗ ಸ್ವಲ್ಪ ವಿದ್ಯುತ್ ಮರಳಿ ಗಳಿಸುವ ಕಾರು ಈ ಊರಿಗೆ ಹೇಳಿ ಮಾಡಿಸಿದ್ದು ಎಂಬುದು ಈಗ ಅರ್ಥವಾಗುತ್ತಿದೆ. ಆದರೆ ಸ್ವಂತ ಪಾರ್ಕಿಂಗ್ ಜಾಗ, ಅಲ್ಲೊಂದು ಚಾರ್ಜಿಂಗ್ ಪಾಯಿಂಟು ಇಲ್ಲದ ಬಾಡಿಗೆ ಮನೆಯವರಿಗೆ ಇದು ದಿನದ ತಲೆನೋವು.

ಇಷ್ಟೆಲ್ಲ ಲೆಕ್ಕ ಹಾಕಿಕೊಂಡು ಕಳೆದ ತಿಂಗಳು ಗೆಳೆಯನ ಜೊತೆ ಒಂದು ಶೋರೂಮಿಗೆ ಹೋಗಿದ್ದೆ. ಟೆಸ್ಟ್ ಡ್ರೈವ್ ಕೇಳಿದೆವು. 'ಭಾನುವಾರ ಬೆಳಗ್ಗೆ ಬನ್ನಿ ಸಾರ್, ರೋಡ್ ಖಾಲಿ ಇರುತ್ತೆ' ಎಂದ ಹುಡುಗ. ಗೆಳೆಯ ತನಗೆ ಸೋಮವಾರ ಎಂಟೂವರೆಗೆ, ಮನೆಯಿಂದ ಆಫೀಸಿನವರೆಗೆ, ಹಿಂದಿನ ಸೀಟಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಓಡಿಸಬೇಕು ಎಂದ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ನಕ್ಕ. 'ಕಾರು ಕಳಿಸ್ತೀನಿ ಸಾರ್. ಆ ಹೊತ್ತಲ್ಲಿ ನಾನು ಮಾತ್ರ ಸ್ಕೂಟರಲ್ಲಿ ಬರ್ತೀನಿ.'